ವುಡನ್ ಸ್ಪೂನ್ ಅಂದ್ರೆ ಏನು, ಎಲ್ಲಿಂದ ಬಂತು? ಪದೇ ಪದೇ ಕೇಳುವ ಪ್ರಶ್ನೆಗಳು

ಐಪಿಎಲ್ ಲೀಗ್ ಪಂದ್ಯಗಳು ಮುಗಿಯುತ್ತಾ ಬಂದ ಹಾಗೆ ಪಾಯಿಂಟ್ಸ್ ಟೇಬಲ್‌ನ ಕೆಳಗಿನ ತುದಿಯ ಬಗ್ಗೆಯೂ ಮಾತು ಶುರುವಾಗುತ್ತದೆ. ಈ ಸಲ ವುಡನ್ ಸ್ಪೂನ್ ಯಾರಿಗೆ ಅಂತ ಕಾಮೆಂಟರಿಯಲ್ಲಿ ಕೇಳುತ್ತಾರೆ, ಮರುದಿನ ಪೇಪರಿನಲ್ಲೂ ಅದೇ ಬರುತ್ತದೆ. ಮರದ ಚಮಚಕ್ಕೂ ಕ್ರಿಕೆಟ್ಟಿಗೂ ಏನು ಸಂಬಂಧ ಅಂತ ತಲೆ ಕೆರೆದುಕೊಂಡವರಿಗಾಗಿ ಇಲ್ಲಿ ಉತ್ತರಗಳಿವೆ.

ವುಡನ್ ಸ್ಪೂನ್ ಅಂದ್ರೆ ಏನು?

ಸ್ಪರ್ಧೆಯಲ್ಲಿ ಕಟ್ಟಕಡೆಯ ಸ್ಥಾನ, ಅಷ್ಟೇ. ಇಂಗ್ಲಿಷಿನಲ್ಲಿ ಒಂದು ತಂಡಕ್ಕೆ ವುಡನ್ ಸ್ಪೂನ್ ಸಿಕ್ಕಿತು ಅಂದರೆ ಆ ತಂಡ ಪಟ್ಟಿಯಲ್ಲಿ ಎಲ್ಲರಿಗಿಂತ ಕೆಳಗೆ ಉಳಿಯಿತು ಅಂತ ಅರ್ಥ. ಬ್ರಿಟನ್, ಐರ್ಲೆಂಡ್, ಆಸ್ಟ್ರೇಲಿಯಾಗಳಲ್ಲಿ ಇದು ದಿನಬಳಕೆಯ ಮಾತು. ನಮ್ಮಲ್ಲಿ ಕ್ರೀಡಾ ವರದಿಗಳ ಮೂಲಕ ಬಂದಿದೆ.

ಇದು ಶುರುವಾಗಿದ್ದು ಯಾವ ಆಟದಲ್ಲಿ?

ಆಟದಲ್ಲಿ ಅಲ್ಲ, ಗಣಿತದ ಪರೀಕ್ಷೆಯಲ್ಲಿ. ಇಂಗ್ಲೆಂಡಿನ ಕೇಂಬ್ರಿಡ್ಜ್ ವಿಶ್ವವಿದ್ಯಾಲಯದಲ್ಲಿ ಮ್ಯಾಥಮ್ಯಾಟಿಕಲ್ ಟ್ರೈಪಾಸ್ ಅನ್ನುವ ಹೆಸರುವಾಸಿ ಪರೀಕ್ಷೆ ಇದೆ. 18ನೇ ಶತಮಾನದಿಂದ 1909ರವರೆಗೆ ಅದರ ಫಲಿತಾಂಶವನ್ನು ಮೊದಲಿನಿಂದ ಕೊನೆಯವರೆಗೆ, ಒಬ್ಬೊಬ್ಬರ ಹೆಸರನ್ನೂ ಅಂಕದ ಕ್ರಮದಲ್ಲಿ ಜೋಡಿಸಿ ಎಲ್ಲರೆದುರು ಪ್ರಕಟಿಸುತ್ತಿದ್ದರು. ಪಟ್ಟಿಯಲ್ಲಿ ಮೂರು ಗುಂಪು. ಮೇಲಿನವರು ರ‍್ಯಾಂಗ್ಲರ್‌ಗಳು, ನಡುವಿನವರು ಸೀನಿಯರ್ ಆಪ್ಟಿಮೆಗಳು, ಕೆಳಗಿನವರು ಜೂನಿಯರ್ ಆಪ್ಟಿಮೆಗಳು. ಎಲ್ಲರಿಗಿಂತ ಮೇಲೆ ಬಂದವನು ಸೀನಿಯರ್ ರ‍್ಯಾಂಗ್ಲರ್. ಅವನ ಹೆಸರು ಇಂಗ್ಲೆಂಡಿನ ಪತ್ರಿಕೆಗಳಲ್ಲೆಲ್ಲ ಬರುತ್ತಿತ್ತು, ಯಾರು ಆಗಬಹುದು ಅಂತ ಜನ ಬಾಜಿ ಕಟ್ಟುತ್ತಿದ್ದರು. ಜೂನಿಯರ್ ಆಪ್ಟಿಮೆಗಳ ಸಾಲಿನಲ್ಲಿ ಕಟ್ಟಕಡೆಯ ಹೆಸರು ಯಾರದೋ ಅವನಿಗೆ ಗೆಳೆಯರು ಒಂದು ಮರದ ಚಮಚ ಕೊಡುತ್ತಿದ್ದರು. ಕೊನೆಗೆ ಬಂದವನನ್ನೇ ವುಡನ್ ಸ್ಪೂನ್ ಅಂತ ಕರೆಯುವ ರೂಢಿಯೂ ಆಯಿತು. ಈ ಪದ್ಧತಿಯ ಬಗ್ಗೆ 1803ರಲ್ಲೇ ಬರೆದಿಟ್ಟದ್ದು ಸಿಗುತ್ತದೆ.

ಹಾಗಾದ್ರೆ ಚಮಚ ಸಿಕ್ಕವನು ಆ ವರ್ಷದ ಅತಿ ದಡ್ಡ ವಿದ್ಯಾರ್ಥಿ, ಅಲ್ವಾ?

ಅಲ್ಲವೇ ಅಲ್ಲ. ಈ ಪ್ರಶ್ನೆಗೆ ಸರಿಯಾದ ಉತ್ತರ ಎಲ್ಲರಿಗೂ ಗೊತ್ತಾಗಬೇಕು ಅಂತ ನನಗೆ ತುಂಬಾ ಆಸೆ, ಯಾಕೆಂದರೆ ಬಹಳ ಜನ ಎಡವುವುದು ಇಲ್ಲೇ.

ಆ ಮೂರು ಗುಂಪಿನವರೂ ಆನರ್ಸ್ ಪಡೆದವರು. ಆನರ್ಸ್ ಮಟ್ಟ ಮುಟ್ಟದವರ ಹೆಸರು ಆ ಪಟ್ಟಿಗೆ ಬರುತ್ತಲೇ ಇರಲಿಲ್ಲ. ಅವರಿಗೆ ಸಾದಾ ಪದವಿ ಸಿಗುತ್ತಿತ್ತು. ಅವರನ್ನು ಪೋಲ್ ಮೆನ್ ಅನ್ನುತ್ತಿದ್ದರು, ಸಾಮಾನ್ಯ ಮಂದಿ ಅನ್ನುವ ಅರ್ಥದ ಗ್ರೀಕ್ ಮಾತಿನಿಂದ ಬಂದ ಹೆಸರು ಅದು. ಅಂಥವರು ಎಷ್ಟು ಜನ ಗೊತ್ತಾ? 1860ರ ದಶಕದಲ್ಲಿ ವರ್ಷಕ್ಕೆ 400 ಚಿಲ್ಲರೆ ಮಂದಿ ಕೇಂಬ್ರಿಡ್ಜ್ ಪದವಿ ಪಡೆಯುತ್ತಿದ್ದರು, ಗಣಿತದ ಆನರ್ಸ್ ಪಟ್ಟಿಯಲ್ಲಿ ಬರುತ್ತಿದ್ದವರು ಅವರಲ್ಲಿ ಸುಮಾರು 100 ಮಂದಿ ಮಾತ್ರ. ಅಂದರೆ ಚಮಚ ಹಿಡಿದು ನಿಂತ ಹುಡುಗ ಆ ವರ್ಷದ ನೂರಾರು ಜನರಿಗಿಂತ ಮುಂದಿದ್ದ. ಆನರ್ಸ್ ಗೋಜಿಗೇ ಹೋಗದೆ ಸುಲಭದ ದಾರಿ ಹಿಡಿದವನನ್ನು ಯಾರೂ ಗುರುತಿಸಿ ಕಾಡಲಿಲ್ಲ. ಕಷ್ಟದ ದಾರಿ ಹಿಡಿದು ಪಾಸಾದವರಲ್ಲಿ ಕೊನೆಯವನಿಗೆ ಮಾತ್ರ ಎಲ್ಲರೆದುರು ಚಮಚ. ಪಟ್ಟಿ ಎಲ್ಲಿಗೆ ಮುಗಿಯುತ್ತದೆ, ಅದರ ಹೊರಗೆ ಎಷ್ಟು ಜನ ಇದ್ದಾರೆ ಅಂತ ನೋಡದೆ ಕೊನೆಯವನನ್ನು ಅಳೆಯುವುದು ಅನ್ಯಾಯ. ಕ್ಲಾಸಿನಲ್ಲಿ ಆಗಲಿ, ಐಪಿಎಲ್‌ನಲ್ಲಿ ಆಗಲಿ.

ಪರೀಕ್ಷೆ ಅಷ್ಟೊಂದು ಕಷ್ಟ ಇತ್ತಾ?

ಇತ್ತು. 1854ರ ಟ್ರೈಪಾಸನ್ನೇ ನೋಡಿ. 8 ದಿನ, 16 ಪ್ರಶ್ನೆಪತ್ರಿಕೆ, ಒಟ್ಟು ನಲವತ್ತನಾಲ್ಕೂವರೆ ಗಂಟೆ ಬರೆಯಬೇಕು, 211 ಪ್ರಶ್ನೆಗಳು. ಅದೂ ಜನವರಿಯ ಚಳಿಯಲ್ಲಿ. ಮುಂದೆ ವಿದ್ಯುತ್ತು ಮತ್ತು ಕಾಂತತೆಯ ಸಮೀಕರಣಗಳಿಂದ ಜಗತ್ತಿಗೇ ಗೊತ್ತಾದ ಜೇಮ್ಸ್ ಕ್ಲರ್ಕ್ ಮ್ಯಾಕ್ಸ್‌ವೆಲ್ ಆ ವರ್ಷ ಬಂದಿದ್ದು ಎರಡನೇ ಸ್ಥಾನಕ್ಕೆ. ಮೊದಲು ಬಂದ ಎಡ್ವರ್ಡ್ ರೌತ್, ಮುಂದೆ ಇದೇ ಪರೀಕ್ಷೆಗೆ ಹುಡುಗರನ್ನು ತಯಾರು ಮಾಡುವ ಮೇಷ್ಟ್ರಾಗಿ ಹೆಸರು ಮಾಡಿದರು, ಅವರ ಕೈಕೆಳಗೆ ಕಲಿತ ಇಪ್ಪತ್ತಕ್ಕೂ ಹೆಚ್ಚು ಜನ ಸೀನಿಯರ್ ರ‍್ಯಾಂಗ್ಲರ್‌ಗಳಾದರು. ಕೋಚಿಂಗ್ ಸೆಂಟರ್ ಹಾವಳಿ ನಮ್ಮ ಕಾಲದ್ದು ಮಾತ್ರ ಅಂದುಕೊಂಡಿದ್ದರೆ ಅದು ಸರಿಯಲ್ಲ.

ಅಂಕಗಳ ಅಂತರ ನೋಡಿದರೆ ಇನ್ನೂ ಆಶ್ಚರ್ಯ ಆಗುತ್ತದೆ. ಬ್ರಿಟಿಷ್ ವಿಜ್ಞಾನಿ ಫ್ರಾನ್ಸಿಸ್ ಗಾಲ್ಟನ್ 1869ರಲ್ಲಿ ಈ ಪರೀಕ್ಷೆಯ ಒಂದೆರಡು ವರ್ಷದ ಅಂಕಗಳನ್ನು ಅಚ್ಚು ಹಾಕಿಸಿದ್ದರು. ಒಂದು ವರ್ಷ ಒಟ್ಟು 17,000 ಅಂಕಗಳಲ್ಲಿ ಸೀನಿಯರ್ ರ‍್ಯಾಂಗ್ಲರ್ ಪಡೆದದ್ದು 7,600 ಚಿಲ್ಲರೆ, ಪಟ್ಟಿಯ ಕೊನೆಯವನು ಪಡೆದದ್ದು 250ಕ್ಕೂ ಕಡಿಮೆ. ಮೊದಲು ಬಂದವನಿಗೇ ಅರ್ಧದಷ್ಟೂ ಅಂಕ ಬಂದಿಲ್ಲ ಅನ್ನುವುದನ್ನು ಗಮನಿಸಿ. ಎಲ್ಲ ಪ್ರಶ್ನೆಗೂ ಯಾರೂ ಉತ್ತರಿಸಲಾರರು ಅಂತ ಗೊತ್ತಿದ್ದೇ ಪತ್ರಿಕೆ ತೆಗೆಯುತ್ತಿದ್ದರು.

ಚಮಚ ಕೊಡುತ್ತಿದ್ದದ್ದು ಹೇಗೆ?

ಪದವಿ ಪ್ರದಾನದ ದಿನ ಸೆನೆಟ್ ಹೌಸಿನಲ್ಲಿ. ಕೆಳಗೆ ಕುಲಪತಿ ಕುರ್ಚಿಯಲ್ಲಿ ಕೂತಿರುತ್ತಾರೆ, ಪದವಿ ಪಡೆಯುವವನು ಗೌನು ತೊಟ್ಟು ಅವರ ಮುಂದೆ ಮಂಡಿಯೂರುತ್ತಾನೆ. ಮೇಲಿನ ಗ್ಯಾಲರಿ ತುಂಬಾ ವಿದ್ಯಾರ್ಥಿಗಳು. ಕೊನೆಯ ಆಪ್ಟಿಮೆಯ ಸರದಿ ಬಂದಾಗ ಅಲ್ಲಿಂದ ಹಗ್ಗಕ್ಕೆ ಕಟ್ಟಿದ ಚಮಚ ಮೆಲ್ಲಗೆ ಇಳಿಯುತ್ತದೆ, ಅವನ ಕಣ್ಣೆದುರೇ ತೂಗಾಡುತ್ತದೆ. ಸಭೆಯಲ್ಲಿ ಕೂಗು, ಶಿಳ್ಳೆ.

ವರ್ಷ ಕಳೆದ ಹಾಗೆ ಚಮಚವೂ ಬೆಳೆಯಿತು. ಕೊನೆಕೊನೆಗೆ 5 ಅಡಿ ಉದ್ದದವರೆಗೂ ಹೋಯಿತು. ಚಮಚ ಅನ್ನುವುದಕ್ಕಿಂತ ಮದುವೆ ಮನೆ ಹಂಡೆಗೆ ಹಾಕುವ ಸೌಟು ಅನ್ನಬಹುದು. ಬಣ್ಣ ಬಳಿದು, ಕಾಲೇಜಿನ ಲಾಂಛನ ಬಿಡಿಸಿ ಕೊಡುತ್ತಿದ್ದರು. 1875ರಲ್ಲಿ ವಿಶ್ವವಿದ್ಯಾಲಯ ಈ ತೂಗಾಡಿಸುವ ಆಟವನ್ನು ನಿಷೇಧಿಸಿತು. ಆದರೂ ಚಮಚ ಕೊಡುವ ಪದ್ಧತಿ ನಿಲ್ಲಲಿಲ್ಲ.

ಕಾಡಿಸುವುದು ಇತ್ತು ನಿಜ. ಆದರೆ ಚಮಚ ಮಾಡಿಸಿ, ಬಣ್ಣ ಹಾಕಿಸಿ ತರುತ್ತಿದ್ದವರು ಅವನ ಗೆಳೆಯರೇ. ಸಿಕ್ಕವರಲ್ಲಿ ಎಷ್ಟೋ ಜನ ಅದನ್ನು ಮನೆಗೆ ಒಯ್ದು ಜೋಪಾನವಾಗಿ ಇಟ್ಟುಕೊಂಡರು, ಅದಕ್ಕೇ ಕೆಲವು ಇವತ್ತಿಗೂ ಉಳಿದಿವೆ.

ಕೊನೆಯ ಚಮಚ ಯಾರಿಗೆ ಸಿಕ್ಕಿತು?

1909ರಲ್ಲಿ, ಸೇಂಟ್ ಜಾನ್ಸ್ ಕಾಲೇಜಿನ ಕತ್ಬರ್ಟ್ ಲೆಂಪ್ರಿಯರ್ ಹೋಲ್ಟ್‌ಹೌಸ್ ಅನ್ನುವವರಿಗೆ. ಅವರು ಕಾಲೇಜಿನ ಲೇಡಿ ಮಾರ್ಗರೆಟ್ ಬೋಟ್ ಕ್ಲಬ್ಬಿನಲ್ಲಿ ದೋಣಿ ಓಡಿಸುತ್ತಿದ್ದವರು, ಹಾಗಾಗಿ ಗೆಳೆಯರು ಚಮಚದ ಹಿಡಿಯನ್ನು ದೋಣಿಯ ಹುಟ್ಟಿನ ಆಕಾರದಲ್ಲೇ ಮಾಡಿಸಿದರು. ಅದರ ಮೇಲೆ ಗ್ರೀಕ್ ಭಾಷೆಯಲ್ಲಿ ಒಂದು ಪದ್ಯ ಬರೆಸಿದ್ದಾರೆ. ಗಣಿತದ ಆನರ್ಸ್‌ನಲ್ಲಿ ಇದೇ ಕಟ್ಟಕಡೆಯ ಚಮಚ, ನೋಡಿದವರು ಕಣ್ಣೀರು ಹಾಕಿ ಅನ್ನುವುದು ಅದರ ತಾತ್ಪರ್ಯ. ಮುಂದಿನ ವರ್ಷದಿಂದ ರ‍್ಯಾಂಕ್ ಪಟ್ಟಿ ಇರುವುದಿಲ್ಲ ಅಂತ ಆಗಲೇ ಗೊತ್ತಿದ್ದ ಕಾರಣ ಹಾಗೆ ಬರೆದದ್ದು. ಆ ಚಮಚ ಈಗ ಸೇಂಟ್ ಜಾನ್ಸ್ ಕಾಲೇಜಿನಲ್ಲಿದೆ.

ಪದ್ಧತಿ ನಿಂತದ್ದು ಯಾಕೆ?

ಪಟ್ಟಿಯೇ ಬದಲಾಯಿತು. 1910ರಿಂದ ಪ್ರತಿ ಗುಂಪಿನ ಒಳಗೆ ಹೆಸರುಗಳನ್ನು ಅಂಕದ ಬದಲು ಅಕ್ಷರದ ಕ್ರಮದಲ್ಲಿ ಹಾಕತೊಡಗಿದರು. ಕೊನೆಗೆ ಬಂದವರು ಯಾರು ಅಂತ ತಿಳಿಯುವ ದಾರಿಯೇ ಇಲ್ಲ, ಇನ್ನು ಚಮಚ ಯಾರಿಗೆ ಕೊಡುವುದು?

ಇದರ ಹಿಂದೆ ದೊಡ್ಡ ವಾದ ವಿವಾದವೇ ನಡೆದಿತ್ತು. ರ‍್ಯಾಂಕಿಗಾಗಿ ಓಟ, ವರ್ಷಗಟ್ಟಲೆ ಕೋಚಿಂಗ್, ಲೆಕ್ಕ ಬಿಡಿಸುವ ವೇಗಕ್ಕೇ ಬೆಲೆ, ಇದರಿಂದ ಗಣಿತಕ್ಕೇ ನಷ್ಟ ಅಂತ ಹೋರಾಡಿದವರಲ್ಲಿ ಕೇಂಬ್ರಿಡ್ಜಿನ ಗಣಿತಜ್ಞ ಜಿ.ಎಚ್. ಹಾರ್ಡಿ ಒಬ್ಬರು. ಅವರೇ 1898ರಲ್ಲಿ ನಾಲ್ಕನೇ ರ‍್ಯಾಂಗ್ಲರ್ ಆಗಿದ್ದವರು. 1914ರಲ್ಲಿ ಶ್ರೀನಿವಾಸ ರಾಮಾನುಜನ್ ಅವರನ್ನು ಕೇಂಬ್ರಿಡ್ಜಿಗೆ ಕರೆಸಿಕೊಂಡದ್ದೂ ಇದೇ ಹಾರ್ಡಿ. ರಾಮಾನುಜನ್ ಟ್ರೈಪಾಸ್ ಬರೆಯಲಿಲ್ಲ, ಸಂಶೋಧನೆಯ ಮೇಲೆಯೇ 1916ರಲ್ಲಿ ಪದವಿ ಪಡೆದರು. ಪರೀಕ್ಷೆಯ ಪಟ್ಟಿಯಲ್ಲಿ ಎಲ್ಲೂ ಇಲ್ಲದವರು ಆ ಊರು ಕಂಡ ದೊಡ್ಡ ಗಣಿತಜ್ಞರಲ್ಲಿ ಒಬ್ಬರು!

ಸೀನಿಯರ್ ರ‍್ಯಾಂಗ್ಲರ್ ಯಾರು ಅನ್ನುವುದು ಮಾತ್ರ ಆಮೇಲೂ ಪೂರ್ತಿ ಗುಟ್ಟಾಗಿ ಉಳಿಯಲಿಲ್ಲ. ಫಲಿತಾಂಶ ಓದುವ ಪರೀಕ್ಷಕರು ಆ ಹೆಸರು ಬಂದಾಗ ಟೋಪಿ ತುಸು ಎತ್ತುವ ರೂಢಿ ಬೆಳೆಯಿತು. ಕೊನೆಯ ಹೆಸರಿಗೆ ಅಂಥ ಸನ್ನೆ ಏನೂ ಇಲ್ಲ. ಈ ಏರ್ಪಾಡು ನನಗೆ ತುಂಬಾ ಒಪ್ಪಿಗೆ. ಮೊದಲು ಬಂದವರನ್ನು ಮೆಚ್ಚೋಣ, ಕೊನೆಯವರನ್ನು ಎತ್ತಿ ತೋರಿಸುವ ಅಗತ್ಯ ಯಾರಿಗೂ ಇಲ್ಲ.

ಈ ಪರೀಕ್ಷೆಯಲ್ಲಿ ನಮ್ಮವರು ಇದ್ದರಾ?

ಇದ್ದರು, ಮೇಲಿನ ಸಾಲಿನಲ್ಲೇ. ಮೊದಲ ಭಾರತೀಯ ರ‍್ಯಾಂಗ್ಲರ್ ಬಂಗಾಳದ ಆನಂದ ಮೋಹನ ಬೋಸ್, 1874ರಲ್ಲಿ. 1899ರಲ್ಲಿ ಆರ್.ಪಿ. ಪರಾಂಜಪೆ ಇನ್ನೊಬ್ಬರ ಜೊತೆ ಸಮನಾಗಿ ಸೀನಿಯರ್ ರ‍್ಯಾಂಗ್ಲರ್ ಆದರು, ಆ ಸ್ಥಾನಕ್ಕೆ ಬಂದ ಮೊದಲ ಭಾರತೀಯ ಅವರೇ. ಜೀವನ ಪೂರ್ತಿ ಜನ ಅವರನ್ನು ರ‍್ಯಾಂಗ್ಲರ್ ಪರಾಂಜಪೆ ಅಂತಲೇ ಕರೆದರು.

ಕನ್ನಡ ನಾಡಿಗೆ ಬಂದರೆ, ಬೆಳಗಾವಿ ಜಿಲ್ಲೆಯ ಡಿ.ಸಿ. ಪಾವಟೆ. ಅವರು ಕೇಂಬ್ರಿಡ್ಜಿಗೆ ಹೋಗುವಷ್ಟರಲ್ಲಿ ಅಂಕದ ಪಟ್ಟಿ ನಿಂತುಹೋಗಿತ್ತು, ರ‍್ಯಾಂಗ್ಲರ್ ಅನ್ನುವ ಬಿರುದು ಉಳಿದಿತ್ತು. ಆ ಬಿರುದು ಗಳಿಸಿ ಬಂದವರು ಮುಂದೆ 1954ರಿಂದ 1967ರವರೆಗೆ ಕರ್ನಾಟಕ ವಿಶ್ವವಿದ್ಯಾಲಯದ ಕುಲಪತಿಯಾಗಿ ಅದನ್ನು ಕಟ್ಟಿ ನಿಲ್ಲಿಸಿದರು, ಆಮೇಲೆ ಪಂಜಾಬಿನ ರಾಜ್ಯಪಾಲರಾದರು. ಧಾರವಾಡದ ವಿಶ್ವವಿದ್ಯಾಲಯದ ಆವರಣಕ್ಕೆ ಪಾವಟೆ ನಗರ ಅನ್ನುವ ಹೆಸರು ಬಂದದ್ದು ಅವರಿಂದಲೇ.

ಹೆಣ್ಣುಮಕ್ಕಳಿಗೂ ಚಮಚ ಸಿಗುತ್ತಿತ್ತಾ?

ಸೆನೆಟ್ ಹೌಸಿನ ಆ ಆಟ ಗಂಡುಹುಡುಗರದ್ದು ಮಾತ್ರ, ಯಾಕೆಂದರೆ ಹೆಣ್ಣುಮಕ್ಕಳಿಗೆ ಪದವಿಯನ್ನೇ ಕೊಡುತ್ತಿರಲಿಲ್ಲ. ಪರೀಕ್ಷೆ ಬರೆಯಲು ಬಿಟ್ಟರು, ಫಲಿತಾಂಶವನ್ನು ಬೇರೆಯಾಗಿ ಓದಿದರು. 1890ರಲ್ಲಿ ನ್ಯೂನ್‌ಹ್ಯಾಮ್ ಕಾಲೇಜಿನ ಫಿಲಿಪ್ಪಾ ಫಾಸೆಟ್ ಎಲ್ಲ ಗಂಡುಹುಡುಗರಿಗಿಂತ ಜಾಸ್ತಿ ಅಂಕ ಪಡೆದರು. ಅವರ ಹೆಸರು ಓದಿದ್ದು ಸೀನಿಯರ್ ರ‍್ಯಾಂಗ್ಲರ್‌ಗಿಂತ ಮೇಲೆ ಅಂತ. ಆದರೂ ಆ ಬಿರುದು ಅವರಿಗೆ ಸಿಗಲಿಲ್ಲ, ಪದವಿಯೂ ಸಿಗಲಿಲ್ಲ. ಕೇಂಬ್ರಿಡ್ಜ್ ಹೆಣ್ಣುಮಕ್ಕಳಿಗೆ ಪೂರ್ತಿ ಪದವಿ ಕೊಡಲು ಶುರು ಮಾಡಿದ್ದು 1948ರಲ್ಲಿ. ಓದಿದಾಗೆಲ್ಲ ಸಿಟ್ಟು ಬರುತ್ತದೆ.

ಬಾಯಲ್ಲಿ ಬೆಳ್ಳಿ ಚಮಚ ಇಟ್ಟುಕೊಂಡು ಹುಟ್ಟಿದ ಅನ್ನುತ್ತಾರಲ್ಲ, ಅದಕ್ಕೂ ಇದಕ್ಕೂ ಸಂಬಂಧ ಇದೆಯಾ?

ಇಲ್ಲ. ಅದು ಶ್ರೀಮಂತರ ಮನೆಯಲ್ಲಿ ಹುಟ್ಟಿದವರ ಬಗ್ಗೆ ಹೇಳುವ ಮಾತು. ಆದರೆ ಕೇಂಬ್ರಿಡ್ಜ್ ಹುಡುಗರು ಚಮಚದ ಮಾತನ್ನು ಮೇಲಕ್ಕೂ ಎಳೆದಿದ್ದರು. ಸೀನಿಯರ್ ಆಪ್ಟಿಮೆಗಳಲ್ಲಿ ಕೊನೆಯವನು ಬೆಳ್ಳಿ ಚಮಚ, ರ‍್ಯಾಂಗ್ಲರ್‌ಗಳಲ್ಲಿ ಕೊನೆಯವನು ಚಿನ್ನದ ಚಮಚ.

ಪರೀಕ್ಷೆಯಿಂದ ಆಟಕ್ಕೆ ಹೇಗೆ ಬಂತು?

ಕೇಂಬ್ರಿಡ್ಜಿನಲ್ಲಿ ಓದಿದವರೇ ರಗ್ಬಿ ಆಡುತ್ತಿದ್ದರು, ದೋಣಿ ಓಡಿಸುತ್ತಿದ್ದರು, ಪತ್ರಿಕೆಗಳಿಗೂ ಬರೆಯುತ್ತಿದ್ದರು. ಮಾತು ಅವರ ಜೊತೆ ಮೈದಾನಕ್ಕೆ ಹೋಯಿತು. 19ನೇ ಶತಮಾನ ಮುಗಿಯುವ ಮೊದಲೇ ಇಂಗ್ಲೆಂಡ್, ಸ್ಕಾಟ್ಲೆಂಡ್, ವೇಲ್ಸ್, ಐರ್ಲೆಂಡ್ ನಡುವಿನ ರಗ್ಬಿ ಟೂರ್ನಿಯಲ್ಲಿ ಕೊನೆಗೆ ಬಂದ ತಂಡಕ್ಕೆ ಈ ಮಾತು ಅಂಟಿಕೊಂಡಿತ್ತು. ಅದೇ ಟೂರ್ನಿ ಇವತ್ತಿನ ಸಿಕ್ಸ್ ನೇಷನ್ಸ್. 2000ದಲ್ಲಿ ಸೇರಿದ ಇಟಲಿ ಅಲ್ಲಿಂದೀಚೆಗೆ ಅತಿ ಹೆಚ್ಚು ಸಲ ಕೊನೆಗೆ ಬಂದಿದೆ. ರಗ್ಬಿಯಲ್ಲಿ ದೊಡ್ಡ ಹೆಸರಿರುವ ವೇಲ್ಸ್ ಕೂಡ 2024 ಮತ್ತು 2025ರಲ್ಲಿ ಐದಕ್ಕೆ ಐದೂ ಪಂದ್ಯ ಸೋತು ತಳ ಸೇರಿತು.

ಆಸ್ಟ್ರೇಲಿಯಾದಲ್ಲಿ ಅವರದ್ದೇ ಬಗೆಯ ಫುಟ್‌ಬಾಲ್ (ಆಸ್ಟ್ರೇಲಿಯನ್ ರೂಲ್ಸ್), ರಗ್ಬಿ ಲೀಗ್ ಎರಡರಲ್ಲೂ ಪ್ರತಿ ವರ್ಷ ಇದರದ್ದೇ ಚರ್ಚೆ. ಅಲ್ಲಿನ ಫುಟ್‌ಬಾಲ್ ಲೀಗಿನಲ್ಲಿ ಕೊನೆಗೆ ಬಂದ ತಂಡಕ್ಕೆ ಮುಂದಿನ ವರ್ಷ ಹೊಸ ಆಟಗಾರರನ್ನು ಆರಿಸುವಾಗ ಮೊದಲ ಅವಕಾಶ ಸಿಗುತ್ತದೆ. ಬಿದ್ದವರು ಏಳಲಿ ಅನ್ನುವ ಉದ್ದೇಶ.

ಈಗ ನಿಜವಾಗಿ ಚಮಚ ಕೊಡುತ್ತಾರಾ?

ಸಿಕ್ಸ್ ನೇಷನ್ಸ್‌ನಲ್ಲಿ ಇಲ್ಲ, ಐಪಿಎಲ್‌ನಲ್ಲೂ ಇಲ್ಲ. ಬರೀ ಮಾತು. ಆದರೆ ಒಂದು ಸಲ ನಿಜವಾಗಿ ಕೊಟ್ಟ ಚಮಚದಿಂದ ಒಳ್ಳೆಯ ಕೆಲಸ ಆಗಿದೆ. 1983ರಲ್ಲಿ ಇಂಗ್ಲೆಂಡ್ ರಗ್ಬಿ ತಂಡ ಒಂದೂ ಪಂದ್ಯ ಗೆಲ್ಲಲಿಲ್ಲ, ಡಬ್ಲಿನ್‌ನಲ್ಲಿ ಐರ್ಲೆಂಡಿಗೂ ಸೋತು ಕೊನೆಯ ಸ್ಥಾನಕ್ಕೆ ಬಂತು. ಪಂದ್ಯ ನೋಡಲು ಹೋಗಿದ್ದ ಐವರು ಇಂಗ್ಲಿಷ್ ಅಭಿಮಾನಿಗಳಿಗೆ ಐರಿಷ್ ಗೆಳೆಯರು ಬೆಳ್ಳಿ ತಟ್ಟೆಯಲ್ಲಿ, ಐರಿಷ್ ಸ್ಕಾರ್ಫ್ ಸುತ್ತಿದ ಮರದ ಚಮಚ ಇಟ್ಟು ಕೊಟ್ಟರು. ಇವರು ಬೇಜಾರು ಮಾಡಿಕೊಳ್ಳಲಿಲ್ಲ. ಈ ಚಮಚ ನಮ್ಮಲ್ಲಿ ಯಾರ ಹತ್ತಿರ ಇರಬೇಕು ಅಂತ ತೀರ್ಮಾನಿಸಲು ಊರಿಗೆ ಬಂದು ಒಂದು ಗಾಲ್ಫ್ ಪಂದ್ಯ ಇಟ್ಟರು, ಜನ ಸೇರಿದರು, 8,450 ಪೌಂಡ್ ಕೂಡಿತು. ಆ ದುಡ್ಡಿನಲ್ಲಿ ವಿಶೇಷ ಮಕ್ಕಳ ಶಾಲೆಯೊಂದಕ್ಕೆ ಮಿನಿಬಸ್ ಕೊಡಿಸಿದರು. ಅದೇ ಮುಂದೆ ವುಡನ್ ಸ್ಪೂನ್ ಅನ್ನುವ ಹೆಸರಿನ ಮಕ್ಕಳ ಸೇವಾ ಸಂಸ್ಥೆ ಆಯಿತು, ಇವತ್ತಿಗೂ ಬ್ರಿಟನ್ ಮತ್ತು ಐರ್ಲೆಂಡಿನಲ್ಲಿ ಕೆಲಸ ಮಾಡುತ್ತಿದೆ.

ಕೊನೆಗೆ ಬಂದ ತಂಡ ಅಂದ್ರೆ ಕೆಟ್ಟ ತಂಡ ಅಂತಲೇ ಅರ್ಥವಾ?

ಹಾಗೇನಿಲ್ಲ. 2010ರಲ್ಲಿ ಆಸ್ಟ್ರೇಲಿಯಾದ ರಗ್ಬಿ ಲೀಗಿನಲ್ಲಿ ಮೆಲ್ಬರ್ನ್ ಸ್ಟಾರ್ಮ್ ಕೊನೆಗೆ ಬಂತು. ಆಟ ಬರದೆ ಅಲ್ಲ. ಆಟಗಾರರಿಗೆ ಮಿತಿ ಮೀರಿ ಸಂಬಳ ಕೊಟ್ಟದ್ದು ಸಿಕ್ಕಿಬಿದ್ದು, ಹಳೆಯ ಎರಡು ಪ್ರಶಸ್ತಿ ಕಿತ್ತುಕೊಂಡರು, ಆ ವರ್ಷ ಗೆದ್ದ ಪಂದ್ಯಗಳಿಗೂ ಪಾಯಿಂಟ್ ಕೊಡಲಿಲ್ಲ.

ನಮ್ಮ ಉದಾಹರಣೆ ಇನ್ನೂ ಚೆನ್ನಾಗಿದೆ. 2008ರ ಮೊದಲ ಐಪಿಎಲ್‌ನಲ್ಲಿ ಎಂಟು ತಂಡ. ಎಂಟನೇ ಸ್ಥಾನ ಡೆಕ್ಕನ್ ಚಾರ್ಜರ್ಸ್‌ಗೆ, 14ರಲ್ಲಿ ಎರಡೇ ಗೆಲುವು. ಏಳನೇ ಸ್ಥಾನ ನಮ್ಮ ಆರ್‌ಸಿಬಿಗೆ, ನಾಲ್ಕು ಗೆಲುವು. ಮುಂದಿನ ವರ್ಷ ದಕ್ಷಿಣ ಆಫ್ರಿಕಾದಲ್ಲಿ ಫೈನಲ್ ಆಡಿದ್ದು ಯಾರು? ಇದೇ ಇಬ್ಬರು! ಜೋಹಾನ್ಸ್‌ಬರ್ಗ್‌ನಲ್ಲಿ ಅನಿಲ್ ಕುಂಬ್ಳೆ 16 ರನ್ ಕೊಟ್ಟು 4 ವಿಕೆಟ್ ಕಿತ್ತರು, ಸೋತ ತಂಡದಲ್ಲಿದ್ದೂ ಪಂದ್ಯಶ್ರೇಷ್ಠ ಆದರು. ಡೆಕ್ಕನ್ ಗೆದ್ದದ್ದು ಬರೀ 6 ರನ್‌ನಿಂದ. ಒಂದೇ ವರ್ಷದಲ್ಲಿ ತಳದಿಂದ ತುದಿಗೆ.

ಆರ್‌ಸಿಬಿಗೆ ಎಷ್ಟು ಸಲ ವುಡನ್ ಸ್ಪೂನ್ ಬಂದಿದೆ?

ಎರಡು ಸಲ, 2017 ಮತ್ತು 2019ರಲ್ಲಿ. 2016ರಲ್ಲಿ ಫೈನಲ್ ಆಡಿದ ತಂಡ 2017ರಲ್ಲಿ ಈಡನ್ ಗಾರ್ಡನ್ಸ್‌ನಲ್ಲಿ 49ಕ್ಕೆ ಆಲೌಟ್ ಆಗಿ ಕೊನೆಗೆ ಬಂತು. 2019ರಲ್ಲಿ ಮೊದಲ ಆರು ಪಂದ್ಯ ಸತತ ಸೋಲು. ಆ ವರ್ಷಗಳಲ್ಲೂ ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ ಈ ಸಲ ಕಪ್ ನಮ್ದೇ ಅಂತ ಕೂಗಿದವರ ನಿಷ್ಠೆಯ ಬಗ್ಗೆ ನನಗೆ ಅಪಾರ ಗೌರವ. ಅವರಿಗೆ 2025ರ ಜೂನ್ 3ರಂದು ಕಪ್ ಸಿಕ್ಕಿತು. ಅದೂ 6 ರನ್‌ನಿಂದಲೇ.

ಕೆಂಪು ಲಾಟೀನು ಅಂತಲೂ ಕೇಳಿದ್ದೇನೆ, ಅದೂ ಇದೇನಾ?

ಹತ್ತಿರದ ಮಾತು. ಅದು ಫ್ರಾನ್ಸಿನ ಸೈಕಲ್ ರೇಸ್ ಟೂರ್ ಡಿ ಫ್ರಾನ್ಸ್‌ನಲ್ಲಿ ಕೊನೆಗೆ ಬಂದವರಿಗೆ ಹೇಳುವುದು. ರೈಲಿನ ಕೊನೆಯ ಬೋಗಿಗೆ ಕೆಂಪು ದೀಪ ಕಟ್ಟುತ್ತಾರೆ, ಅದರಿಂದ ಬಂದ ಹೆಸರು. ನಮ್ಮ ರೈಲಿನಲ್ಲೂ ಕೊನೆಯ ಬೋಗಿಗೆ ಕೆಂಪು ದೀಪ, ಎಲ್‌ವಿ (ಲಾಸ್ಟ್ ವೆಹಿಕಲ್) ಅನ್ನುವ ಫಲಕ ಇರುತ್ತದೆ. ಅದು ಕಂಡರೆ ಗಾಡಿ ಪೂರ್ತಿ ಬಂದಿದೆ, ನಡುವೆ ಎಲ್ಲೂ ಬೋಗಿ ಕಳಚಿಲ್ಲ ಅಂತ ಸ್ಟೇಷನ್‌ನವರಿಗೆ ಖಾತ್ರಿ.

ಈ ರೇಸಿನಲ್ಲಿ ಕೊನೆಗೆ ಬಂದವರಿಗೆ ಜನಪ್ರಿಯತೆ ಜಾಸ್ತಿ. ರೇಸ್ ಮುಗಿದ ಮೇಲೆ ಊರೂರಲ್ಲಿ ನಡೆಯುವ ಪ್ರದರ್ಶನ ರೇಸುಗಳಿಗೆ ಅವರನ್ನು ದುಡ್ಡು ಕೊಟ್ಟು ಕರೆಯುತ್ತಿದ್ದರು. ಹಾಗಾಗಿ ಕೊನೆಗೆ ಬರಲಿಕ್ಕೇ ಪೈಪೋಟಿ! 1979ರಲ್ಲಿ ಗೆರ್ಹಾರ್ಡ್ ಶೋನ್‌ಬಾಖರ್ ಮತ್ತು ಫಿಲಿಪ್ ಟೆನಿಯೆ ಇಬ್ಬರೂ ಬೇಕೆಂದೇ ನಿಧಾನ ಮಾಡಿದರು. ಟೆನಿಯೆ ಅತಿಯಾಗಿ ನಿಧಾನ ಮಾಡಿ ಸಮಯದ ಮಿತಿ ದಾಟಿ ರೇಸಿನಿಂದಲೇ ಹೊರಬಿದ್ದರು. ಕೊನೆಗೆ ಬರಬೇಕಾದರೂ ಮಿತಿಯೊಳಗೆ ಗುರಿ ಮುಟ್ಟಲೇಬೇಕು.

ಲಾಸ್ಟ್ ಬಟ್ ನಾಟ್ ದಿ ಲೀಸ್ಟ್ ಅನ್ನುವುದೂ ಇದೇ ಅರ್ಥವಾ?

ಬೇರೆ. ಅದು ವಂದನಾರ್ಪಣೆಯಲ್ಲಿ ಕೇಳುವ ಮಾತು. ಹೆಸರು ಕೊನೆಗೆ ಬಂದರೂ ಮಹತ್ವ ಕಡಿಮೆ ಇಲ್ಲ ಅಂತ. ಅಲ್ಲಿ ಸೋಲು ಗೆಲುವು ಇಲ್ಲ.

ಎಲ್ಲಿ ಬಳಸಬಹುದು, ಎಲ್ಲಿ ಬೇಡ?

ಪಟ್ಟಿ ಇರುವ ಸ್ಪರ್ಧೆಗೆ ಬಳಸಿ: ಲೀಗ್, ಆಫೀಸಿನ ಕ್ವಿಜ್, ಅಪಾರ್ಟ್‌ಮೆಂಟಿನ ಕ್ರಿಕೆಟ್ ಟೂರ್ನಿ. ನಾಕೌಟ್‌ನಲ್ಲಿ ಮೊದಲ ಸುತ್ತಿಗೇ ಹೊರಬಿದ್ದವರಿಗೆ ಸರಿ ಹೊಂದುವುದಿಲ್ಲ, ಅಲ್ಲಿ ಕೊನೆಯವರು ಒಬ್ಬರೇ ಇರುವುದಿಲ್ಲ. ಇಬ್ಬರ ಪಂದ್ಯಕ್ಕೂ ಬೇಡ. ಶಾಲೆಯ ಮಕ್ಕಳ ಮಾರ್ಕ್ಸ್ ಬಗ್ಗೆ ದಯವಿಟ್ಟು ಬಳಸಬೇಡಿ. ಕೇಂಬ್ರಿಡ್ಜೇ ಬಿಟ್ಟುಬಿಟ್ಟ ಪದ್ಧತಿಯನ್ನು ಏಳನೇ ಕ್ಲಾಸಿನ ಮಗುವಿನ ಮೇಲೆ ತರುವುದು ಯಾಕೆ?

ಎರಡು ತಂಡಕ್ಕೆ ಸಮ ಪಾಯಿಂಟ್ ಬಂದರೆ ಚಮಚ ಯಾರಿಗೆ?

ಐಪಿಎಲ್‌ನಲ್ಲಾದರೆ ಪಾಯಿಂಟ್ ಸಮ ಆದಾಗ ಗೆಲುವುಗಳ ಸಂಖ್ಯೆ ನೋಡುತ್ತಾರೆ, ಅದೂ ಸಮ ಇದ್ದರೆ ನೆಟ್ ರನ್ ರೇಟ್. 2019ರಲ್ಲಿ ರಾಜಸ್ಥಾನ ರಾಯಲ್ಸ್‌ಗೂ ಆರ್‌ಸಿಬಿಗೂ ತಲಾ 11 ಪಾಯಿಂಟ್, ತಲಾ ಐದು ಗೆಲುವು. ರನ್ ರೇಟ್ ತುಸು ಚೆನ್ನಾಗಿದ್ದ ಕಾರಣ ರಾಜಸ್ಥಾನ ಏಳನೆಯದಾಯಿತು, ನಮ್ಮವರು ಎಂಟನೆಯವರಾದರು.